ಚಳಿಯಿಲ್ಲದ ಊರಿನ ಕೋಲ್ಡ್ ಸ್ಟಾರ್ಟ್

ಒಂಬತ್ತು ವರ್ಷ, ಜ್ವರ ಬಂದು ಮಲಗಿದ ದಿನಗಳನ್ನು ಬಿಟ್ಟರೆ ಒಂದು ದಿನವೂ ತಪ್ಪದೆ, ನಾನು ಬೆಳಿಗ್ಗೆ ಐದೂವರೆಗೆ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲಿಳಿದು ಕಾರಿನ ಹೊದಿಕೆ ತೆಗೆದಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿಗೆ ಊದುಬತ್ತಿ ತೋರಿಸಿ, ಕೀಲಿ ತಿರುಗಿಸಿ, ಎಂಜಿನ್ ಎದ್ದ ತಕ್ಷಣ ಆಕ್ಸಿಲರೇಟರನ್ನು ಮೂರು ಸಲ ಬಲವಾಗಿ ಒತ್ತುತ್ತಿದ್ದೆ. ಘರ್ರ್, ಘರ್ರ್, ಘರ್ರ್. ಆಮೇಲೆ ಐದು ನಿಮಿಷ ಹಾಗೇ ಬಿಟ್ಟು, ಆ ಹೊತ್ತಿನಲ್ಲಿ ಗಾಜು ಒರೆಸಿ, ಬಂದ್ ಮಾಡಿ, ಮತ್ತೆ ಹೊದಿಕೆ ಹಾಕಿ ಮೇಲೆ ಹೋಗುತ್ತಿದ್ದೆ. ಕಾರು ಒಂದು ಅಡಿಯೂ ಮುಂದೆ ಹೋಗುತ್ತಿರಲಿಲ್ಲ. ಹೋಗಬೇಕೆಂಬ ಉದ್ದೇಶವೂ ನನಗಿರಲಿಲ್ಲ.

ಇದು ಹುಚ್ಚು ಎಂದು ಬೇರೆ ಊರಿನವರಿಗೆ ಅನಿಸಬಹುದು. ನಮ್ಮಲ್ಲಿ ಅನಿಸುವುದಿಲ್ಲ. ಡೊಂಬಿವಲಿ, ಕಲ್ಯಾಣದ ಕಡೆಯವರು ಕೆಲಸಕ್ಕೆ ಹೋಗುವುದು ಲೋಕಲ್ ಟ್ರೈನಿನಲ್ಲಿ. ಕಾರು ಇರುವುದು ಕಟ್ಟಡದ ಸೊಸೈಟಿಯ ಪಾರ್ಕಿಂಗಿನಲ್ಲಿ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿಗೆ, ಆಗೊಮ್ಮೆ ಈಗೊಮ್ಮೆ ಠಾಣೆಯಲ್ಲಿ ಯಾರದಾದರೂ ಮದುವೆಗೆ, ದಸರಾದಲ್ಲಿ ಪೂಜೆಗೆ. ಉಳಿದ ದಿನ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವುದು, ಬ್ಯಾಟರಿ ಇಳಿಯಬಾರದು, ಎಂಜಿನ್ ಹಿಡಿಯಬಾರದು ಎಂದು. ನಮ್ಮ ಕಟ್ಟಡದಲ್ಲೇ ನಾಲ್ಕು ಮಂದಿ ಹೀಗೆ ಮಾಡುತ್ತಿದ್ದರು. ಅವರು ಎರಡು ದಿನಕ್ಕೊಮ್ಮೆ ಮಾಡಿದರೆ ನಾನು ದಿನವೂ ಮಾಡುತ್ತಿದ್ದೆ. ಆ ಹೆಮ್ಮೆ ನನಗೆ ಸಾಕಷ್ಟಿತ್ತು.

ನಾನು ಘಾಟ್ಕೋಪರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮ್ಯಾನೇಜರ್ ಎಂದರೆ ಗಲ್ಲಾದಲ್ಲಿ ಕೂತು ಅಡುಗೆಮನೆಯ ಕಡೆ ಒಂದು ಕಣ್ಣು, ಬಾಗಿಲ ಕಡೆ ಒಂದು ಕಣ್ಣು ಇಡುವವನು. ಹದಿನೆಂಟನೆಯ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಬಂದು ಇದೇ ಹೋಟೆಲಿನಲ್ಲಿ ದೋಸೆ ಹುಯ್ದವನು ನಾನು. ನನ್ನ ವಂಶದಲ್ಲಿ ಯಾರೂ ಕಾರು ಕೊಂಡಿರಲಿಲ್ಲ. ಹಾಗಾಗಿ ಈ ಬಿಳಿ ಕಾರು ಮನೆಗೆ ಬಂದಾಗ ಸೀಟಿಗೆ ಶೋರೂಮಿನವರು ಹಾಕಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ನಾನು ಬಿಡಲಿಲ್ಲ. ಒಂಬತ್ತು ವರ್ಷದ ನಂತರವೂ ಅದು ಅಲ್ಲೇ ಇತ್ತು. ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಂಡು ಇಳಿಯುವಾಗ ಚರ್ ಎಂದು ಶಬ್ದ ಮಾಡುತ್ತಿತ್ತು. ನನ್ನ ಮಗಳು, ಕಾಲೇಜಿಗೆ ಹೋಗುವವಳು, ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವವಳು, ಒಮ್ಮೆ ಕೇಳಿಯೇ ಬಿಟ್ಟಳು: "ಪಪ್ಪಾ, ಯೇ ಗಾಡಿ ಹೈ ಯಾ ಭಗವಾನ್?"

ನಿಜವಾದ ತಂಟೆ ಮಗಳದ್ದಲ್ಲ, ಹೆಂಡತಿಯದ್ದು. ಅವಳು ಐರೋಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಏಳೂವರೆಗೆ ಮುಟ್ಟಬೇಕು. ನಾವಿಬ್ಬರೂ ಆರು ಗಂಟೆಗೆ ಒಟ್ಟಿಗೆ ಮನೆ ಬಿಟ್ಟು ಸ್ಟೇಷನ್‌ಗೆ ನಡೆಯುತ್ತಿದ್ದೆವು. ಅವಳು ಲೇಡೀಸ್ ಡಬ್ಬಿಗೆ, ನಾನು ಜನರಲ್ ಡಬ್ಬಿಗೆ. ಠಾಣೆಯಲ್ಲಿ ಅವಳು ಇಳಿದು, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು, ಐರೋಲಿ ಕಡೆಯ ಟ್ರೈನ್ ಹಿಡಿಯಬೇಕು. ಕಾರು ಕೊಂಡ ವರ್ಷವೇ ಅವಳು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿದ್ದಳು. ಮೊದಲನೇ ಸಲಕ್ಕೇ ಪಾಸು. ನಾನು ಎರಡನೇ ಸಲಕ್ಕೆ ಪಾಸಾದವನು, ಆ ಮಾತು ಇಲ್ಲಿ ಬೇಡ.

ಅವಳಿಗೆ ಬೇಕಾದದ್ದು ಒಂದೇ: ಆ ಕಾರನ್ನು ತಾನು ಓಡಿಸಬೇಕು. ಐರೋಲಿಗೆ ಓಡಿಸಿಕೊಂಡು ಹೋಗಬೇಕು. ಇದನ್ನು ಅವಳು ಸುತ್ತಿ ಬಳಸಿ ಹೇಳಿದವಳಲ್ಲ. ವರ್ಷಕ್ಕೆ ನಾಲ್ಕೈದು ಸಲ ನೇರವಾಗಿ ಕೇಳುತ್ತಿದ್ದಳು. ಪ್ರತಿ ಸಲವೂ ನಾನು ಕಾರಿನ ಆರೋಗ್ಯ ಮುಂದೆ ಮಾಡುತ್ತಿದ್ದೆ. ದಾರಿಯಲ್ಲಿ ಸಿಗುವ ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಕ್ಲಚ್ ಹೋಗುತ್ತದೆ, ಮಳೆಯಲ್ಲಿ ತಳ ತುಕ್ಕು ಹಿಡಿಯುತ್ತದೆ, ದಿನಾ ಓಡಿಸಿದರೆ ಎಂಜಿನ್ ಸವೆಯುತ್ತದೆ.

"ಕಾರು ಸವೆಯದಿದ್ದರೆ ಮತ್ತೆ ಎಂತಕ್ಕೆ ಮಾರಾಯ್ರೆ? ಉಪ್ಪಿನಕಾಯಿ ಹಾಕ್ಲಿಕ್ಕಾ?" ಎನ್ನುತ್ತಿದ್ದಳು ಅವಳು. ಮನೆಯಲ್ಲಿ ನಾವು ತುಳು ಮಾತಾಡುವವರು. ಸಿಟ್ಟು ಬಂದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಇಳಿಯುತ್ತೇವೆ. ಕಾರಿನ ವಿಷಯ ನಮ್ಮ ಮನೆಯಲ್ಲಿ ಸದಾ ಕನ್ನಡದಲ್ಲೇ ನಡೆಯಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕಾರು ಶಬ್ದ ಮಾಡತೊಡಗಿತು. ಸ್ಟಾರ್ಟ್ ಆದ ಕೂಡಲೇ ಟಿಕ್ ಟಿಕ್ ಟಿಕ್ ಎಂದು, ಯಾರೋ ಒಳಗೆ ಕೂತು ಚಮಚದಿಂದ ಲೋಟ ಬಡಿದ ಹಾಗೆ. ಮೊದಲು ಅರ್ಧ ನಿಮಿಷ, ಆಮೇಲೆ ಒಂದು ನಿಮಿಷ, ಆಮೇಲೆ ನಾನು ಬಂದ್ ಮಾಡುವವರೆಗೂ. ಹಿಂದಿನ ಕೊಳವೆಯಿಂದ ಹೊಗೆಯೂ ಹೆಚ್ಚಾಯಿತು. ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ನೆಲ ಅಂತಸ್ತಿನಲ್ಲಿ ಇರುವವರು, ಒಂದು ಬೆಳಿಗ್ಗೆ ಕಿಟಕಿಯಿಂದ ತಲೆ ಹಾಕಿ, "ಅಹೋ, ರೋಜ್ ಸಕಾಳಿ ಹಾ ಧೂರ್ ಕಶಾಲಾ?" ಎಂದು ಕೇಳಿದರು. ದಿನಾ ಬೆಳಿಗ್ಗೆ ಈ ಹೊಗೆ ಯಾಕೆ ಅಂತ. ನನಗೆ ಸಿಟ್ಟು ಬಹಳ ಬೇಗ ಬರುತ್ತದೆ. ನಿಮ್ಮ ಮನೆಯ ಹಪ್ಪಳದ ಹೊಗೆ ನಾವು ಒಂಬತ್ತು ವರ್ಷದಿಂದ ಕುಡಿಯುತ್ತಿದ್ದೇವೆ ಎಂದು ಹರಕು ಮರಾಠಿಯಲ್ಲಿ ಹೇಳಿದೆ. ಹೇಳಿ, ಶಬ್ದ ಮುಚ್ಚಿಹೋಗಲಿ ಎಂದು ಆಕ್ಸಿಲರೇಟರನ್ನು ಇನ್ನೂ ಜೋರಾಗಿ ಒತ್ತಿದೆ.

ಎಣ್ಣೆ ಸಾಲದೇನೋ ಎಂದು ಕಾರಿಗೆ ನಾನೇ ವೈದ್ಯನಾದೆ. ಅಂಗಡಿಗೆ ಹೋಗಿ ಇದ್ದದ್ದರಲ್ಲಿ ಅತಿ ದಪ್ಪದ ಎಂಜಿನ್ ಆಯಿಲ್ ಕೇಳಿ ತಂದು ಒಂದಷ್ಟು ಸುರಿದೆ. ಬಿಸಿಯೂರು, ದಪ್ಪ ಎಣ್ಣೆಯೇ ಒಳ್ಳೆಯದು ಎಂಬುದು ನನ್ನ ಸಿದ್ಧಾಂತ. ಹೋಟೆಲಿನವನಿಗೆ ನೀರಾದ ಸಾಂಬಾರು ಅಂದರೆ ಅವಮಾನ, ಆ ಬುದ್ಧಿ ಇಲ್ಲೂ ಕೆಲಸ ಮಾಡಿತು. ಮರುದಿನ ಟಿಕ್ ಟಿಕ್ ಇನ್ನೂ ಜಾಸ್ತಿಯಾಯಿತು.

ಒಂದು ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ನನ್ನ ತಟ್ಟೆಯ ಪಕ್ಕ ಒಂದು ಕಾಗದ ಇತ್ತು. ಲ್ಯಾಬಿನ ವರದಿಯ ಹಾಗೆ ಗೆರೆ ಎಳೆದು ನೀಟಾಗಿ ಕೈಯಲ್ಲಿ ಬರೆದದ್ದು. ರೋಗಿ: ಬಿಳಿ ಕಾರು. ವಯಸ್ಸು: ಒಂಬತ್ತು. ಮಾದರಿ: ಎಂಜಿನ್ ಆಯಿಲ್, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದದ್ದು. ಬಣ್ಣ: ಡಾಂಬರು. ವಾಸನೆ: ಪೆಟ್ರೋಲ್. ಕೆಳಗೆ ಒಂದು ಗುಂಡಗಿನ ಫಿಲ್ಟರ್ ಪೇಪರ್ ಅಂಟಿಸಿದ್ದಳು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಅದರ ತುದಿಯ ಒಂದು ಹನಿಯನ್ನು ಆ ಪೇಪರಿನ ನಡುವೆ ಬಿಟ್ಟಿದ್ದಳಂತೆ. ನಡುವೆ ಕಾಡಿಗೆಯಂಥ ಕಪ್ಪು ಬೊಟ್ಟು, ಅದರ ಸುತ್ತ ತೆಳುವಾಗಿ ಓಡಿದ ಹಳದಿ ಬಳೆ. ಕೊನೆಯ ಸಾಲು: ಕೂಡಲೇ ವೈದ್ಯರನ್ನು ಕಾಣಿರಿ.

"ಇದೆಂತದು?" ಎಂದೆ.

"ಒಳ್ಳೆ ಎಣ್ಣೆಯಾದ್ರೆ ಹೀಗೆ ನಡುವೆ ಕಪ್ಪು ಕೂತು ಸುತ್ತ ನೀರಿನ ಹಾಗೆ ಓಡುದಿಲ್ಲ. ಇದ್ರಲ್ಲಿ ಪೆಟ್ರೋಲ್ ಸೇರಿದೆ. ನಾನು ದಿನಾ ನೂರು ಸ್ಯಾಂಪಲ್ ನೋಡುವವಳು, ನನಗೆ ಗೊತ್ತಾಗ್ತದೆ," ಎಂದಳು. "ನಿಮ್ಮ ಕಾರಿಗೆ ಹುಷಾರಿಲ್ಲ. ನನ್ನ ಹತ್ರ ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ."

ಸಿಟ್ಟು ಮಾಡಿಕೊಂಡೆ. ನನ್ನನ್ನು ಕೇಳದೆ ಬಾನೆಟ್ ತೆಗೆದದ್ದು ಯಾಕೆ ಎಂದು ಊಟ ಮುಗಿಯುವವರೆಗೆ ಕೂಗಾಡಿದೆ. ಕೈ ತೊಳೆಯುವ ಹೊತ್ತಿಗೆ ನನಗೇ ಹೆದರಿಕೆ ಶುರುವಾಗಿತ್ತು.

ಕಲ್ಯಾಣದಲ್ಲಿ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಲಬುರಗಿ ಕಡೆಯ ಒಬ್ಬ ಮೇಸ್ತ್ರಿ ಗ್ಯಾರೇಜ್ ಇಟ್ಟಿದ್ದಾನೆ. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಅಡಿಕೆ. ಮರುವಾರ ರಜೆಯ ದಿನ ಕಾರನ್ನು ಅಲ್ಲಿಗೆ ಒಯ್ದೆ. ಅವನು ಎಂಜಿನ್ ತಣ್ಣಗಾಗಲಿ ಎಂದು ಮಧ್ಯಾಹ್ನದವರೆಗೆ ನನ್ನನ್ನು ಕೂರಿಸಿ, ಆಮೇಲೆ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೆಗೆದು ನನ್ನ ಮುಖದ ಹತ್ತಿರ ಹಿಡಿದ. ಮುಚ್ಚಳದ ಒಳಗೆ ಕೋಲ್ಡ್ ಕಾಫಿಯ ನೊರೆಯಂಥ ಹಳದಿ ಮಿಶ್ರಿತ ಕೆನೆ ಅಂಟಿತ್ತು. ಅವನು ರೇಡಿಯೇಟರಿನ ನೀರು ನೋಡಿದ. ಅದು ಇಳಿದಿರಲಿಲ್ಲ, ಶುದ್ಧವಾಗಿತ್ತು.

"ನೀರ ಒಳಗ ಸೋರಿಲ್ಲ. ಇದು ಬ್ಯಾರೇನ ಅದ," ಎಂದ. "ಸಾಹೇಬ್ರ, ಗಾಡಿ ದಿನಾ ಎಷ್ಟ ಓಡ್ತದ್ರಿ?"

"ಓಡಿಸುವುದಿಲ್ಲ. ದಿನಾ ಸ್ಟಾರ್ಟ್ ಮಾಡ್ತೇನೆ," ಎಂದೆ ಹೆಮ್ಮೆಯಿಂದ.

"ಹಂಗಂದ್ರ?"

ಹೇಳಿದೆ. ಐದು ನಿಮಿಷ, ಮೂರು ಸಲ ರೇಸ್, ಒಂದು ದಿನವೂ ತಪ್ಪಿಲ್ಲ, ಒಂಬತ್ತು ವರ್ಷ. ಊದುಬತ್ತಿಯ ವಿಷಯವನ್ನೂ ಹೇಳಿದೆ. ಅವನು ಅಡಿಕೆ ಉಗುಳಿ ಬಂದು ನನ್ನ ಎದುರು ಟೈರಿನ ಮೇಲೆ ಕೂತ.

"ಶತ್ರೂನೂ ಹಿಂಗ ಮಾಡಂಗಿಲ್ರಿ ಸಾಹೇಬ್ರ."

ನನಗೆ ಮೈ ಉರಿಯಿತು. ಎದ್ದು ಹೋಗೋಣ ಅನಿಸಿತು. ಕಾರು ಅವನ ಶೆಡ್ಡಿನಲ್ಲಿ ಬಾಯಿ ತೆರೆದು ನಿಂತಿದ್ದರಿಂದ ಕೂತೆ.

"ನೋಡ್ರಿ, ನೀವು ಬಂದ್ ಮಾಡಿದ ಮ್ಯಾಲ ಎಣ್ಣಿ ಎಲ್ಲಾ ಕೆಳಗ ಇಳದು ಕುಂತಿರ್ತದ. ಮುಂಜಾನಿ ಕೀಲಿ ತಿರುವಿದ ಕೂಡ್ಲೇ ಅದು ಮ್ಯಾಲ ಏರಬೇಕಲ್ರಿ? ಏರೂತನಕ ಒಳಗ ಕಬ್ಬಣಕ್ಕ ಕಬ್ಬಣ ತಿಕ್ಕತದ. ಆ ಹೊತ್ತಿನ್ಯಾಗ ನೀವು ಘರ್ ಅಂತ ರೇಸ್ ಕೊಡ್ತೀರಿ. ಎಂಜಿನ್ ಸವೆಯೋದು ಹೆಚ್ಚು ಅಲ್ಲೇ ರೀ, ಹೈವೇದಾಗ ಅಲ್ಲ."

"ಅದು ಕೋಲ್ಡ್ ಸ್ಟಾರ್ಟ್. ಚಳಿ ದೇಶದವರ ಕಷ್ಟ," ಎಂದೆ. ಇಂಥ ಮಾತು ನಾನೂ ಎಲ್ಲೋ ಕೇಳಿದ್ದೆ. "ಡೊಂಬಿವಲಿಯಲ್ಲಿ ಚಳಿ ಎಲ್ಲಿ ಉಂಟು? ನಮ್ಮಲ್ಲಿ ಕೋಲ್ಡ್ ಅಂದ್ರೆ ಫ್ರಿಜ್ಜಿನ ಒಳಗೆ ಮಾತ್ರ."

"ಹೊರಗಿನ ಚಳಿ ಅಲ್ರಿ ಅದು. ಒಳಗಿನ ಮಾತು. ಓಡೋ ಎಂಜಿನ್ ಎಷ್ಟ ಬಿಸಿ ಇರ್ತದ, ಮುಟ್ಟಿ ನೋಡೀರೇನು? ಅದರ ಮುಂದ ನಿಮ್ಮ ಮೇ ತಿಂಗಳ ಬಿಸಲೂ ತಣ್ಣಗನ. ರಾತ್ರಿ ಎಲ್ಲಾ ನಿಂತಿದ್ದ ಗಾಡಿ ಅಂದ್ರ ತಣ್ಣನ ಗಾಡಿ. ಯಾವ ಊರಾಗಿದ್ರೂ ಅಷ್ಟ."

ಆಮೇಲೆ ಅವನು ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದ. ಹೋಟೆಲ್ ಎಂದೆ. ಅವನ ಮುಖ ಅರಳಿತು.

"ಕಾಯದ ತವಾ ಮ್ಯಾಲ, ಎಣ್ಣಿ ಸವರದ, ದ್ವಾಸಿ ಹಾಕಿ ಕೆರದು, ಕಾಯೂದ್ರೊಳಗ ಒಲಿ ಆರಿಸಿಬಿಟ್ರ ತವಾ ಉಳಿತದೇನ್ರಿ? ಒಂಬತ್ತು ವರ್ಷ ದಿನಾ ಹಂಗ ಮಾಡೀರಿ."

ಇಷ್ಟು ಸಾಕಾಯಿತು. ಹದಿನೆಂಟರ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಹಾಳಾದ ಮೊದಲ ತವಾ ಮತ್ತು ಅದಕ್ಕೆ ಬಿದ್ದ ಬೈಗಳು ಎರಡೂ ನೆನಪಾದವು. ನಾನು ಸುಮ್ಮನೆ ಕೇಳತೊಡಗಿದೆ. ತಣ್ಣಗಿನ ಎಂಜಿನ್ ಪೆಟ್ರೋಲನ್ನು ಜಾಸ್ತಿ ಕುಡಿಯುತ್ತದಂತೆ, ಸುಡದೆ ಉಳಿದದ್ದು ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇದ್ದ ಎಣ್ಣೆಯನ್ನೇ ಕೆಡಿಸುತ್ತದಂತೆ. ಒಳಗೆ ಕಟ್ಟಿದ ನೀರಿನ ಹನಿ ಚೆನ್ನಾಗಿ ಬಿಸಿಯಾದರೆ ಆವಿಯಾಗಿ ಹೋಗುತ್ತದೆ, ಐದು ನಿಮಿಷಕ್ಕೆ ಬಂದ್ ಮಾಡಿದರೆ ಅಲ್ಲೇ ಉಳಿದು ಎಣ್ಣೆಯೊಂದಿಗೆ ಸೇರಿ ಈ ಕೆನೆಯಾಗುತ್ತದೆ. ಬ್ಯಾಟರಿಗೂ ಐದು ನಿಮಿಷದಲ್ಲಿ ಏನೂ ಸಿಗುವುದಿಲ್ಲ, ಸ್ಟಾರ್ಟ್ ಮಾಡಲು ಖರ್ಚಾದದ್ದೂ ಪೂರ್ತಿ ವಾಪಸ್ ಬರುವುದಿಲ್ಲ. ಗಾಡಿ ಓಡಿಲ್ಲವಲ್ಲ ಎಂದು ನಾನು ಮೂರು ವರ್ಷ ಎಣ್ಣೆ ಬದಲಿಸಿರಲಿಲ್ಲ. ಅದನ್ನು ಕೇಳಿ ಅವನು ಹಣೆ ಮುಟ್ಟಿಕೊಂಡ. ದಪ್ಪ ಎಣ್ಣೆಯ ಸಿದ್ಧಾಂತವನ್ನು ನಾನು ಹೇಳಲೇ ಇಲ್ಲ, ಅವನೇ ಕಡ್ಡಿ ಎಳೆದು ಕಂಡುಹಿಡಿದ. ದಪ್ಪ ಎಣ್ಣೆ ಬೆಳಿಗ್ಗೆ ಮೇಲೆ ಏರಲು ಇನ್ನೂ ತಡ, ಅದಕ್ಕೇ ಟಿಕ್ ಟಿಕ್ ಹೆಚ್ಚಾದದ್ದು.

"ಬುಕ್ಕಿನ್ಯಾಗ ಏನ್ ಬರದಾರ ಅದ ಹಾಕೋಣು. ಬುಕ್ ಐತೇನ್ರಿ?"

ಇತ್ತು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಕಾರು ಕೊಂಡ ದಿನ ಬಂದ ಪಾಲಿಥಿನ್ ಚೀಲದಲ್ಲೇ, ಒಡೆಯದೆ. ಮೇಸ್ತ್ರಿ ಅದನ್ನು ಹಲ್ಲಿನಿಂದ ಹರಿದು ತೆಗೆದ. ಬರೆದಿದ್ದದ್ದು ತೆಳು ಎಣ್ಣೆ.

ಹಳೆಯದನ್ನೆಲ್ಲ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿದ ಮೇಲೆ ಅವನು ತೀರ್ಪು ಹೇಳಿದ. ಮೂರು ತಿಂಗಳು ದಿನಾ ಇಪ್ಪತ್ತು ಕಿಲೋಮೀಟರಾದರೂ ಓಡಿಸಬೇಕು. ಸ್ಟಾರ್ಟ್ ಮಾಡಿ ಇಪ್ಪತ್ತು ಎಣಿಸಿ ಹೊರಡಬೇಕು, ನಿಂತಲ್ಲೇ ಕಾಯಿಸಬಾರದು. ಮೊದಲ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ, ಎಳೆಯಬಾರದು. ನಡುವೆ ಇನ್ನೊಮ್ಮೆ ಎಣ್ಣೆ ಬದಲಿಸಬೇಕು. ಶಬ್ದ ಹೋದರೆ ಹೋಯಿತು. ಹೋಗದಿದ್ದರೆ ಎಂಜಿನ್ ಬಿಚ್ಚಬೇಕು, ಬಿಚ್ಚಿದ ಮೇಲೆ ಇದನ್ನು ಇಟ್ಟುಕೊಳ್ಳಬೇಕೋ ಭಂಗಾರಿಗೆ, ಅಂದರೆ ಗುಜರಿಗೆ, ಕೊಡಬೇಕೋ ಎಂಬುದು ಬೇರೆ ಮಾತು.

ವಾಪಸ್ ಬರುವಾಗ ಇಡೀ ದಾರಿ ಕಾರಿನ ಸ್ಟೇರಿಂಗ್ ಸವರುತ್ತಾ ಬಂದೆ. ಅಷ್ಟು ಪ್ರೀತಿಯಿಂದ ಅದನ್ನು ಕೊಂದಿದ್ದೆ.

ಇನ್ನು ಪ್ರಶ್ನೆ ಒಂದೇ ಇತ್ತು: ದಿನಾ ಓಡಿಸುವವರು ಯಾರು? ಘಾಟ್ಕೋಪರದಲ್ಲಿ ನಮ್ಮ ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಐರೋಲಿಯ ಲ್ಯಾಬಿನ ಕೆಳಗೆ ಸಿಬ್ಬಂದಿಗೆ ಪಾರ್ಕಿಂಗ್ ಇದೆ, ದೂರ ಇಪ್ಪತ್ತು ಕಿಲೋಮೀಟರಿಗೆ ಮೇಲೆಯೇ. ಉತ್ತರ ಮನೆಯಲ್ಲೇ ಲೈಸೆನ್ಸ್ ಹಿಡಿದು ಕೂತಿತ್ತು. ಆದರೂ ನಾನು ಸುಲಭಕ್ಕೆ ಒಪ್ಪುವ ಜಾತಿಯವನಲ್ಲ. ನಾಲ್ಕು ಗಂಟೆಗೆ ಎದ್ದು ನಾನೇ ಕಲ್ಯಾಣ ದಾಟಿ ಭಿವಂಡಿ ರಸ್ತೆಯವರೆಗೆ ಹೋಗಿ ಬರಲು ಶುರುಮಾಡಿದೆ. ಗೋದಾಮುಗಳಿಂದ ಹೊರಟ ಲಾರಿಗಳ ನಡುವೆ, ಎಲ್ಲಿಗೂ ಹೋಗಲಿಕ್ಕಿಲ್ಲದ ಒಬ್ಬನೇ ಮನುಷ್ಯ. ನಾಲ್ಕನೆಯ ದಿನ ಗಲ್ಲಾದಲ್ಲಿ ಕೂತಲ್ಲೇ ನಿದ್ದೆ ಹೋಗಿ, ಮಸಾಲೆ ದೋಸೆ ಕೇಳಿದ ಗಿರಾಕಿಗೆ "ಇಪ್ಪತ್ತು ಎಣಿಸಿ" ಎಂದೆನಂತೆ. ಹೋಟೆಲಿನ ಸಪ್ಲಾಯರುಗಳು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಮೇಸ್ತ್ರಿಗೆ ಫೋನ್ ಮಾಡಿ, ನನ್ನ ವಾರದ ರಜೆಯಂದು ಮಾತ್ರ ಒಟ್ಟಿಗೆ ನೂರು ಕಿಲೋಮೀಟರ್ ಓಡಿಸಿದರೆ ಸಾಲದೇ ಎಂದು ಕೇಳಿದೆ.

"ಓಡಸ್ದೇ ಇರೋದಕ್ಕಿಂತ ಛಲೋ. ಆದ್ರ ನಾ ದಿನಾ ಅಂದೀನಿ, ದಿನಾನ. ಮನ್ಯಾಗ ಬ್ಯಾರೆ ಯಾರಿಗೂ ಗಾಡಿ ಬರಂಗಿಲ್ಲೇನ್ರಿ?"

ಫೋನ್ ಸ್ಪೀಕರಿನಲ್ಲಿತ್ತು. ಹೆಂಡತಿ ಪಕ್ಕದಲ್ಲೇ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅವಳು ತಲೆಯೆತ್ತಲಿಲ್ಲ, ಸೊಪ್ಪು ಬಿಡಿಸುವ ಕೈ ಮಾತ್ರ ನಿಂತಿತು.

ಆ ರಾತ್ರಿ ಊಟಕ್ಕೆ ಮೊದಲೇ ನಾನು ಕೀಲಿಯನ್ನು ಮೇಜಿನ ಮೇಲಿಟ್ಟೆ. ಇಡುವಾಗಲೂ ಸುಮ್ಮನಿರಲಿಲ್ಲ. ಒಂದು ಚೀಟಿಯಲ್ಲಿ ಹದಿಮೂರು ಷರತ್ತು ಬರೆದಿದ್ದೆ. ಬಲಗಡೆಯಿಂದ ಲಾರಿ ಬಂದರೆ ಹೀಗೆ, ಎಡಗಡೆಯಿಂದ ರಿಕ್ಷಾ ಬಂದರೆ ಹಾಗೆ, ಸೀಟಿನ ಪ್ಲಾಸ್ಟಿಕ್ ಮುಟ್ಟಕೂಡದು, ಇತ್ಯಾದಿ. ಅವಳು ಕೀಲಿಯನ್ನೂ ಚೀಟಿಯನ್ನೂ ಒಟ್ಟಿಗೆ ನನ್ನ ಕಡೆಗೆ ತಳ್ಳಿದಳು.

"ಕೊಡುದಾದ್ರೆ ಕೀಲಿ ಮಾತ್ರ ಕೊಡಿ. ಇಲ್ಲದಿದ್ರೆ ಎರಡೂ ನೀವೇ ಇಟ್ಕೊಳ್ಳಿ."

ಮಗಳು ನನ್ನ ಮುಖ ನೋಡುತ್ತಿದ್ದಳು. ನಾನು ಚೀಟಿ ಹರಿದೆ. ಹರಿಯುವಾಗ ಮನಸ್ಸಿನಲ್ಲಿ ಮೂರು ಷರತ್ತನ್ನಾದರೂ ಬಾಯಿಪಾಠ ಮಾಡಿಕೊಂಡೆ, ಅದು ಬೇರೆ.

ಮೊದಲ ದಿನ ರಜೆ ಹಾಕಿ ಅವಳ ಪಕ್ಕ ಕೂತೆ. ಅವಳು ಬಂದವಳೇ ಡ್ರೈವರ್ ಸೀಟಿನ ಪ್ಲಾಸ್ಟಿಕ್ ಹಿಡಿದು ಎಳೆದಳು. ಒಂಬತ್ತು ವರ್ಷದ ಹಾಳೆ ಪರಪರ ಹರಿದು ಬಂತು. ನಾನು ಅದನ್ನು ಮಡಚಿ ಹಿಂದಿನ ಸೀಟಿಗಿಟ್ಟೆ. ಕೀಲಿ ತಿರುಗಿಸಿದಳು, ಟಿಕ್ ಟಿಕ್ ಎಂದಿತು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಹುಡುಕಿತು. ನನ್ನ ಕಡೆ ಅದಿರಲಿಲ್ಲ. ಅವಳು ತುಟಿಯಲ್ಲೇ ಇಪ್ಪತ್ತು ಎಣಿಸಿ, ಮೆಲ್ಲಗೆ ಗೇಟು ದಾಟಿಸಿದಳು. ಎ.ಸಿ. ಹಾಕಲು ಹೋದೆ, ಸ್ವಲ್ಪ ಬಿಸಿಯಾಗಲಿ ಎಂದು ಕೈ ತಡೆದಳು. ಅವಳು ಆ ಬುಕ್ಕನ್ನು ಪೂರ್ತಿ ಓದಿದ್ದಳು. ಕಾಟಾಯಿ ನಾಕಾ ಬರುವವರೆಗೆ ಅವಳ ಕಾರು ಹೋದ ವೇಗಕ್ಕೆ ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಅವಳು ಕನ್ನಡಿಯಲ್ಲಿ ಅವನನ್ನು ನೋಡಿ ನಗುತ್ತಿದ್ದಳು.

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದ ಮೇಲೆ ಅವಳು ವೇಗ ಹೆಚ್ಚಿಸಿದಳು. ಗೇರು ಬೀಳುತ್ತಿದ್ದದ್ದು ಗೊತ್ತೇ ಆಗುತ್ತಿರಲಿಲ್ಲ. ಶೀಳಫಾಟಾದಲ್ಲಿ ಎರಡು ಟ್ಯಾಂಕರುಗಳ ನಡುವೆ ಬಂದಾಗ ನಾನು ಕಣ್ಣು ಮುಚ್ಚಿದೆ, ತೆರೆದಾಗ ನಾವು ಮುಂದೆ ಬಂದಿದ್ದೆವು. ಒಂಬತ್ತು ವರ್ಷ ಸ್ಟೇರಿಂಗ್ ಮುಟ್ಟದವಳಿಗೆ ಇದು ಹೇಗೆ ಬಂತು ಎಂದು ನನಗೆ ಆಶ್ಚರ್ಯ. ಕೇಳಿಯೇ ಬಿಟ್ಟೆ.

"ಮುಟ್ಟಿಲ್ಲ ಅಂತ ಯಾರು ಹೇಳಿದ್ದು?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ನನ್ನ ರಜೆ ಇದ್ದ ದಿನ, ನೀವು ಹೋಟೆಲಿಗೆ ಹೋದ ಮೇಲೆ, ಕೆಳಗೆ ಬಂದು ಕೂತ್ಕೊಳ್ತಿದ್ದೆ. ಸ್ಟಾರ್ಟ್ ಮಾಡ್ತಿರಲಿಲ್ಲ. ಕ್ಲಚ್ ಒತ್ತುದು, ಗೇರ್ ಹಾಕುದು, ಕನ್ನಡಿ ನೋಡುದು. ಮನಸ್ಸಲ್ಲೇ ಐರೋಲಿಗೆ ಹೋಗಿ ಬರ್ತಿದ್ದೆ. ಅರ್ಧ ಗಂಟೆ. ಮತ್ತೆ ಹೊದಿಕೆ ಹಾಕಿ ಮೇಲೆ ಬರ್ತಿದ್ದೆ."

"ಎಷ್ಟು ಸಮಯದಿಂದ?"

"ಲೈಸೆನ್ಸ್ ಬಂದಂದಿನಿಂದ."

ನಿಂತ ಕಾರಿನಲ್ಲಿ, ಆ ಸೆಕೆಯಲ್ಲಿ, ಬೆನ್ನಿಗೆ ಅಂಟುವ ಪ್ಲಾಸ್ಟಿಕ್ಕಿನ ಮೇಲೆ ಅವಳು ಒಬ್ಬಳೇ ಕೂತು ಗೇರು ಬದಲಿಸುತ್ತಿರುವುದು ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಂಕಟವಾಯಿತು. ಕಾರನ್ನು ಕೆಡಿಸಿದ್ದಕ್ಕೆ ಆದದ್ದಕ್ಕಿಂತ ದೊಡ್ಡ ಸಂಕಟ ಅದು. ತಪ್ಪಾಯಿತು ಎಂದೆ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಆ ಮಾತನ್ನು ನಾನು ಜಗಳ ಮುಗಿಸಲಿಕ್ಕಾಗಿ ಅಲ್ಲದೆ ಹೇಳಿದ್ದು ಅದೇ ಮೊದಲು. ತುಳುವಿನಲ್ಲಿ ಹೇಳಿದೆ.

"ಸಿಗ್ನಲ್ ಬಿತ್ತು, ಮಾತಾಡಿಸ್ಬೇಡಿ," ಎಂದಳು ಅವಳು. ಆದರೆ ಅದನ್ನು ಅವಳೂ ತುಳುವಿನಲ್ಲೇ ಹೇಳಿದಳು.

ಮೂರು ತಿಂಗಳು ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಮೊದಲ ತಿಂಗಳು ನಾನು ದಿನಾ ಎಂಟು ಗಂಟೆಯೊಳಗೆ ಮೂರು ಫೋನ್ ಮಾಡುತ್ತಿದ್ದೆ. ಓಡಿಸುವಾಗ ಅವಳು ಎತ್ತುತ್ತಿರಲಿಲ್ಲ. ಲ್ಯಾಬ್ ಮುಟ್ಟಿದ ಮೇಲೆ ಒಂದೇ ಸಂದೇಶ ಬರುತ್ತಿತ್ತು: ರೋಗಿ ಸ್ಥಿರ. ಎರಡನೆಯ ತಿಂಗಳು ಟಿಕ್ ಟಿಕ್ ಅರ್ಧ ನಿಮಿಷಕ್ಕೆ ಇಳಿಯಿತು. ಹೊಗೆ ನಿಂತಿತು. ಸೆಕ್ರೆಟರಿಯವರು ಕಿಟಕಿ ತೆರೆದಿಡತೊಡಗಿದರು. ಅವರಿಗೂ ಒಂದು ಕಾರಿದೆ, ಅದನ್ನು ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡುವ ಅಭ್ಯಾಸವೂ ಇತ್ತು. ನಾನು ಅವರಿಗೆ ತವಾದ ಉದಾಹರಣೆ ಕೊಟ್ಟೆ. ಅವರಿಗೆ ಅರ್ಥವಾಗಲಿಲ್ಲ, ದೋಸೆಯ ಬದಲು ಭಾಕರಿ, ಅಂದರೆ ಅವರ ರೊಟ್ಟಿ, ಎಂದ ಮೇಲೆ ಅರ್ಥವಾಯಿತು.

ಹೇಳಿದ ದಿನಕ್ಕೆ ನಾವಿಬ್ಬರೂ ಕಲ್ಯಾಣಕ್ಕೆ ಹೋದೆವು. ಹಿಂದಿನ ಸಂಜೆಯೇ ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಬಂದಿದ್ದೆವು, ಬೆಳಿಗ್ಗೆ ತಣ್ಣಗಿರುವಾಗಲೇ ಮೇಸ್ತ್ರಿಗೆ ಅದರ ಶಬ್ದ ಕೇಳಬೇಕಿತ್ತು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಬಗ್ಗಿದ. ಹೆಂಡತಿ ಕೀಲಿ ತಿರುಗಿಸಿದಳು. ಎರಡು ಸಲ ಟಿಕ್ ಎಂದಿತು. ಆಮೇಲೆ ಇಲ್ಲ. ಮೇಸ್ತ್ರಿ ಇನ್ನೂ ಒಂದು ನಿಮಿಷ ಬಗ್ಗಿಯೇ ಇದ್ದ. ಎದ್ದು ಮುಚ್ಚಳ ತೆಗೆದು ನೋಡಿದ, ಒಳಗೆ ಜೇನಿನ ಬಣ್ಣದ ಎಣ್ಣೆ, ಕೆನೆ ಇಲ್ಲ.

"ಬಿಚ್ಚೂದು ಬ್ಯಾಡ. ಸವದದ್ದು ವಾಪಸ್ ಬರಂಗಿಲ್ಲ, ಆದ್ರ ಇನ್ನ ಮುಂದ ಉಳಕೊಂತದ," ಎಂದ. ಆಮೇಲೆ ನನ್ನನ್ನು ದಾಟಿ ಅವಳ ಕಡೆ ನೋಡಿ, "ಅಕ್ಕಾರ, ಹಿಂಗ ನಡಸ್ಕೊಂಡ ಹೋಗ್ರಿ. ಇನ್ನೂ ಭಾಳ ವರ್ಷ ಓಡ್ತದ," ಎಂದ. ಅಂದಿನಿಂದ ಅವನು ಫೋನ್ ಮಾಡುವುದೂ ಅವಳಿಗೇ.

ಈಗ ಬೆಳಿಗ್ಗೆ ಸ್ಟೇಷನ್‌ಗೆ ನಾನೊಬ್ಬನೇ ನಡೆಯುತ್ತೇನೆ. ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. ಜುಲೈಯ ಒಂದು ಬೆಳಿಗ್ಗೆ ಜೋರು ಮಳೆ, ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು, ಒಂದು ರಿಕ್ಷಾ ಇಲ್ಲ. ಅವತ್ತು ಭಾನುವಾರ, ಅವಳಿಗೆ ರಜೆ, ಕಾರು ಕೆಳಗೇ ನಿಂತಿತ್ತು. ಸ್ಟೇಷನ್‌ವರೆಗೆ ಬಿಟ್ಟು ಬರುತ್ತೀಯಾ ಎಂದು ಕೇಳಿದೆ. ಕೇಳುವಾಗ ನನ್ನ ಸ್ವರ ಎಷ್ಟು ಮೆತ್ತಗಿತ್ತೆಂದರೆ ನನಗೇ ಗುರುತು ಹತ್ತಲಿಲ್ಲ.

ಅವಳು ಚಹದ ಲೋಟ ಹಿಡಿದುಕೊಂಡು ಕಿಟಕಿಯಿಂದ ಮಳೆ ನೋಡಿದಳು, ಕಾರು ನೋಡಿದಳು, ನನ್ನನ್ನು ನೋಡಿದಳು.

"ಸ್ಟೇಷನ್‌ಗಾ? ಒಂದೂವರೆ ಕಿಲೋಮೀಟರ್. ಎಂಜಿನ್ ಬಿಸಿಯಾಗುವಷ್ಟರಲ್ಲಿ ಬಂದ್ ಮಾಡ್ಬೇಕಾಗ್ತದೆ. ಕಾರಿಗೆ ಒಳ್ಳೇದಲ್ಲ. ಕೊಡೆ ತಗೊಂಡು ಹೋಗಿ."

ಸಿಟ್ಟು ಬಂತು. ಒಂಬತ್ತು ವರ್ಷ ನಾನು ಕಾರಿನ ಆರೋಗ್ಯ ಮುಂದಿಟ್ಟುಕೊಂಡು ಅವಳಿಗೆ ಇಲ್ಲ ಎಂದಿದ್ದೆ. ಅವಳು ನನಗೆ ಹೇಳಿದ್ದೂ ಅದನ್ನೇ. ಒಂದೇ ವ್ಯತ್ಯಾಸವೆಂದರೆ ಅವಳು ಹೇಳಿದ್ದು ನಿಜ. ನಾನು ಪ್ಯಾಂಟು ಮಡಚಿ, ಕೊಡೆ ಬಿಡಿಸಿ, ನೀರಿನಲ್ಲಿ ಕಾಲೆಳೆಯುತ್ತಾ ನಡೆದೆ.